ಕಾಗದದ ಮೇಲಿನ ಕೈಗುಣ

ಅರವತ್ತರ ದಶಕದ ಮೊದಲ ವರ್ಷಗಳು. ಯಾವ ತಿಂಗಳೋ ನೆನಪಿಲ್ಲ, ಬರೆಯುವುದಿಲ್ಲ. ಬೇಸಿಗೆ ಎಂದು ಒಮ್ಮೆ ಬರೆದಿದ್ದೆ. ಕಥೆಯಲ್ಲಿ ಬಿಸಿಲು ಚೆನ್ನಾಗಿ ಕಾಣುತ್ತದೆಂದು ಹಾಕಿದ್ದು, ಆಮೇಲೆ ಹೊಡೆದುಹಾಕಿದೆ.

ನಾನು ಮುಂಬಯಿಯ ಔಷಧ ಪ್ರಯೋಗಾಲಯವೊಂದರಲ್ಲಿ ಸಹಾಯಕ. ಆಗ ನಮ್ಮಲ್ಲಿಗೆ ಹೊಸದಾಗಿ ಒಂದು ವಿಧಾನ ಬಂದಿತ್ತು. ಸೋಸುವ ಕಾಗದದ ಅಂಚಿಗೆ ಒಂದು ತೊಟ್ಟು ರಸ ಹಾಕಿ, ಕಾಗದವನ್ನು ದ್ರಾವಣದಲ್ಲಿ ಇಳಿಬಿಡುವುದು. ಪ್ರೋಟೀನಿನ ಚೂರುಗಳು ಒಂದೊಂದು ಒಂದೊಂದು ಎತ್ತರಕ್ಕೆ ಏರಿ ನಿಲ್ಲುತ್ತವೆ. ಒಣಗಿಸಿ, ಮೇಲೊಂದು ದ್ರವ ಸಿಂಪಡಿಸಿ ಬಿಸಿ ಮಾಡಿದರೆ ಅವು ನಿಂತಲ್ಲಿ ನೇರಳೆ ಬಣ್ಣ. ಯಾವ ಚೂರು ಗಾಯ ಮಾಯಿಸುತ್ತದೆಂದು ಹಿಡಿದರೆ ಅದೇ ಔಷಧ.

ಶಿರಸಿಯಿಂದ ಬನವಾಸಿ ಕಡೆಗೆ ಹೋಗುವ ದಾರಿಯ ಹಳ್ಳಿಯಲ್ಲಿ ನನ್ನ ದೊಡ್ಡವ್ವ ಹಳೆಯ ಹುಣ್ಣುಗಳಿಗೆ ಸೊಪ್ಪಿನ ರಸ ಹಚ್ಚುತ್ತಿದ್ದಳು. ಆ ರಸ ಬಿದ್ದರೆ ಹಾಲು ಒಡೆಯುತ್ತಿತ್ತು. ಅಂದರೆ ಪ್ರೋಟೀನನ್ನು ಕತ್ತರಿಸುವಂಥದ್ದೇನೋ ಅದರಲ್ಲಿದೆ ಎಂದು ನಾನು ಕುಣಿದಾಡಿದೆ. ರಜೆ ಹಾಕಿ ಊರಿಗೆ ಹೋದೆ.

"ಯಾವ ಸೊಪ್ಪು, ದೊಡ್ಡವ್ವಾ?"

"ಮುಂಬಯಿಗೆ ಹೋಗಿ ಸೊಪ್ಪು ಮೇಯಾಕ ಕಲ್ತೀಯೇನು?"

"ತಮಾಷೆ ಸಾಕು. ಹೇಳು."

"ಹೇಳಬಾರದಪ್ಪ. ಹೇಳಿದ್ರ ಹೇಳಿದವರ ಕೈಗುಣ ಕೇಳಿದವರಿಗೆ ಹೋಗತೈತಿ. ಎರಡನೇ ಸಲ ಹೇಳಾಕ ಬರೂದಿಲ್ಲ."

ಮೂರು ದಿನ ಕಾಡಿದೆ. ನಿನ್ನ ಕೈಯೊಂದರಿಂದ ಎಷ್ಟು ಜನಕ್ಕೆ ಹಚ್ಚುತ್ತೀ, ಮುಲಾಮಾದರೆ ದೇಶಕ್ಕೆಲ್ಲ ಸಿಗುತ್ತದೆ ಎಂದೆ. ಕೊನೆಗೆ ಅವಳು ನನಗೆ ಬೆನ್ನು ಮಾಡಿ ಸೊಪ್ಪು ಅರೆದಳು. ರಸದ ಬಟ್ಟಲು ಕೊಟ್ಟು, ಕಿವಿಯಲ್ಲಿ ಒಂದು ಹೆಸರು ಹೇಳಿದಳು. ನಾನು ಕೇಳಿರದ ಹೆಸರು. ಪ್ರಯೋಗಾಲಯದ ಅಭ್ಯಾಸದಂತೆ ಟಿಪ್ಪಣಿ ಪುಸ್ತಕದಲ್ಲಿ 'ಮಾದರಿ ೧' ಎಂದಷ್ಟೇ ಬರೆದುಕೊಂಡೆ.

ಮಧ್ಯಾಹ್ನ ಕಾಲು ಹುಣ್ಣಿನ ರೈತನೊಬ್ಬ ಬಂದ. ದೊಡ್ಡವ್ವ ಎದ್ದೇಳಲಿಲ್ಲ, ನನ್ನ ಕಡೆ ಕೈ ತೋರಿದಳು.

"ಅವನ್ನ ಕೇಳ್ರಿ. ಕೈಗುಣ ಅವಂಗ ಕೊಟ್ಟೇನಿ."

ನಾನು ನಕ್ಕೆ. ಶಿರಸಿಯ ದವಾಖಾನೆಗೆ ಹೋಗಲು ಹೇಳಿದೆ. ಆ ನಗು ಮಾತ್ರ ನನಗೆ ಸರಿಯಾಗಿ ನೆನಪಿದೆ, ಅದನ್ನು ತಿದ್ದಲು ಆಗಿಲ್ಲ.

ಮುಂಬಯಿಯಲ್ಲಿ ಕಾಗದದ ಮೇಲೆ ಮೂರು ನೇರಳೆ ಕಲೆಗಳು ಮೂಡಿದವು. ಅಂದೇ ದೊಡ್ಡವ್ವನಿಗೆ ಬರೆದೆ: ನಿನ್ನ ಮದ್ದು ಕಾಗದದ ಮೇಲೆ ಮಾತಾಡಿತು. ಮರುದಿನ ನಮ್ಮ ಹಿರಿಯ ಸಂಶೋಧಕರು ಆ ಕಾಗದ ನೋಡಿ, ಹೊಸ ಕಾಗದವೊಂದಕ್ಕೆ ನನ್ನ ಹೆಬ್ಬೆರಳನ್ನು ಒತ್ತಿಸಿ ಅದೇ ದ್ರವ ಸಿಂಪಡಿಸಿದರು. ಅದೇ ನೇರಳೆ. ಬೆರಳಿನ ಬೆವರಿಗೂ ಆ ಬಣ್ಣ ಬರುತ್ತದೆ. ಚಿಮಟದಲ್ಲಿ ಹಿಡಿಯಬೇಕಾದ ಕಾಗದವನ್ನು ನಾನು ಅವಸರದಲ್ಲಿ ಬರಿಗೈಯಲ್ಲಿ ಹಿಡಿದಿದ್ದೆ. ಮತ್ತೆ ಮಾಡಿ ನೋಡಲು ರಸ ಉಳಿದಿರಲಿಲ್ಲ.

"ಇದು ಔಷಧವಲ್ಲ, ಇದು ನೀನು," ಎಂದರು ಮರಾಠಿಯಲ್ಲಿ.

ಅದು ತಪ್ಪೆಂದು ದೊಡ್ಡವ್ವನಿಗೆ ಎರಡನೇ ಪತ್ರ ಬರೆಯಲಿಲ್ಲ. ಬರೆದೆ, ಅಂಚೆಗೆ ಹಾಕಲಿಲ್ಲ ಎಂದು ಸ್ನೇಹಿತರಿಗೆ ಹೇಳಿದ್ದುಂಟು. ಸುಳ್ಳು. ಬರೆಯಲೇ ಇಲ್ಲ.

ಮುಂದಿನ ವರ್ಷ ಊರಿಗೆ ಹೋದಾಗ ನನ್ನ ಮೊದಲ ಪತ್ರ ದೇವರ ಗೂಡಿನಲ್ಲಿತ್ತು, ಮೇಲೆ ವಿಭೂತಿ. ದೊಡ್ಡವ್ವನ ಬೆರಳು ಕುಡುಗೋಲಿಗೆ ಸಿಕ್ಕಿ ಹದಿನೈದು ದಿನವಾಗಿತ್ತು, ಕೀವು ತುಂಬಿತ್ತು. ಅವಳು ಏನೂ ಹಚ್ಚಿಕೊಂಡಿರಲಿಲ್ಲ.

"ನೀ ಬರ್ತಿ ಅಂತ ಕಾದೇನಿ. ನನ್ನ ಕೈಯಾಗ ಈಗ ಏನೈತಿ? ಹೋಗು, ಸೊಪ್ಪು ತಾ."

ಹಿತ್ತಲಿಗೆ ಹೋದೆ. ಹೆಸರು ನೆನಪಾಗಲಿಲ್ಲ. ಮೂರು ಅಕ್ಷರದ್ದೋ ನಾಲ್ಕರದ್ದೋ. ನೆನಪಾದರೂ ಗಿಡವನ್ನು ನಾನು ಕಂಡಿರಲಿಲ್ಲ. ಬೇಲಿಯ ಹತ್ತಿರ ಬಹಳ ಹೊತ್ತು ನಿಂತು, ಕೈಗೆ ಸಿಕ್ಕಿದ ಒಂದು ಹಿಡಿ ಎಲೆ ಕಿತ್ತು ತಂದೆ.

ದೊಡ್ಡವ್ವ ಎಲೆಗಳನ್ನು ನೋಡಿದಳು. ನನ್ನ ಮುಖ ನೋಡಲಿಲ್ಲ. ಚಾಚಿದ್ದ ಬೆರಳನ್ನು ಮೆಲ್ಲಗೆ ಸೆರಗಿನಲ್ಲಿ ಸುತ್ತಿಕೊಂಡಳು.

"ಶಿರಸಿ ಬಸ್ ಎಷ್ಟೊತ್ತಿಗೈತಿ?" ಎಂದಳು.