ಕನ್ನಡಿಯಲ್ಲಿ ಕಂಡ ಮೆಲುಕು

ಕ್ಷೌರದಂಗಡಿಯ ಬುಗುರಿ ಹುಟ್ಟಿದ ದಿನ, ಸೂಲಗಿತ್ತಿ ಬಿಸಿನೀರು ತರುವಷ್ಟರಲ್ಲಿ ಕೂಸು ಹೊಸ್ತಿಲು ದಾಟಿ ಬೀದಿಯಲ್ಲಿತ್ತಂತೆ. ಅನುಮಾನವಿದ್ದರೆ ಅವನ ತಾಯಿಯನ್ನು ಕೇಳಬೇಕು. ಆಕೆ ಈಗಿಲ್ಲ, ಹಾಗಾಗಿ ನಿಜವೇ ಇರಬೇಕು. ಕೂತು ಉಂಡವನಲ್ಲ, ನಿದ್ದೆಯಲ್ಲೂ ಕಾಲು ಆಡಿಸುವವನು. ನಿಂತು ಮಾಡುವ ಕಸುಬು ಸಿಕ್ಕಿದ್ದು ಅವನ ಪುಣ್ಯ. ಅವನ ಕೈಗೆ ತಲೆ ಕೊಟ್ಟವರ ಕಿವಿ ಉಳಿದದ್ದು ಅವರ ಪುಣ್ಯ.

ಅಂಗಡಿಯ ಹಿಂಬಾಗಿಲಾಚೆ ಕೊಟ್ಟಿಗೆ. ಇದ್ದದ್ದು ಒಂದೇ ಹಸು, ಮನೆಮಗಳ ಹಾಗೆ. ಒಂದು ದಿನ ನುಚ್ಚಿನ ಚೀಲ ಬಿಚ್ಚಿದ ಬುಗುರಿ, ಅದರ ಬಾಯಿ ಕಟ್ಟುವಷ್ಟು ಹೊತ್ತೂ ನಿಲ್ಲಲಾರದೆ ಎತ್ತಲೋ ಹೊರಟುಹೋದ. ಹಸು ಹಗ್ಗ ಬಿಡಿಸಿಕೊಂಡು ಚೀಲಕ್ಕೆ ಮೂತಿ ತೂರಿಸಿತು. ಮರುದಿನ ನೋಡಿದರೆ ಮೆಲುಕಿಲ್ಲ, ಹುಲ್ಲು ಮೂಸುವುದಿಲ್ಲ, ತಲೆ ಜೋಲು ಹಾಕಿ ನಿಂತಿದೆ.

ದನದ ಡಾಕ್ಟರಮ್ಮ ಬಂದು ಎಡಪಕ್ಕೆಯ ಹಳ್ಳಕ್ಕೆ ಮುಷ್ಟಿ ಒತ್ತಿ ಹಿಡಿದರು.

“ಇಲ್ಲಿ ಅಲೆ ಬಂದ ಹಾಗೆ ಕೈಯನ್ನ ಹೊರಕ್ಕೆ ತಳ್ಬೇಕು. ಏನೂ ಕದಲ್ತಾನೇ ಇಲ್ಲ.”

“ಹೊಟ್ಟೆ ತುಂಬಿದೆ, ಅಷ್ಟೇ ಅಲ್ವಾ ಡಾಕ್ಟ್ರೇ?” ಎಂದ ಬುಗುರಿ.

“ತುಂಬಿದ್ದೇ ತಪ್ಪಾಯ್ತು. ಇದರ ಹೊಟ್ಟೇಲಿ ನಾಲ್ಕು ಕೋಣೆ. ಮೊದಲ್ನೇದು ದೊಡ್ಡ ಹಂಡೆ. ಅದರೊಳಗೆ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಿಗಳಿರ್ತವೆ, ಹುಲ್ಲನ್ನ ಕೊಳೆಸಿ ಅರಗಿಸೋದು ಅವೇ. ನುಚ್ಚು ಬಿದ್ದು ಹಂಡೆ ಹುಳಿಯಾಯ್ತು, ಅವು ಸತ್ವು.”

ಹುಳಿನೀರನ್ನು ಕೊಳವೆಯಿಂದ ಹೊರಗೆಳೆದು, ಬೇರೊಂದು ಆರೋಗ್ಯವಂತ ಹಸುವಿನ ಹೊಟ್ಟೆಯಿಂದ ಸೋಸಿ ತಂದ ಹಸಿರು ರಸವನ್ನು ಅದೇ ಕೊಳವೆಯಲ್ಲಿ ಇಳಿಸಿದರು.

“ಅಂಥದೇ ಜೀವಿಗಳ ಹೊಸ ಒಕ್ಕಲು ಇಟ್ಟಿದ್ದೀನಿ. ಸಂಜೆಯೊಳಗೆ ಮೆಲುಕು ಹಾಕಿದ್ರೆ ಗೆದ್ದ ಹಾಗೆ. ಇಲ್ದಿದ್ರೆ ಪಕ್ಕೆ ಕೊಯ್ದು ಖಾಲಿ ಮಾಡ್ಬೇಕು. ಈ ನಿತ್ರಾಣದಲ್ಲಿ ತಡ್ಕೊಳ್ಳೋದು ಕಷ್ಟ.”

ಬುಗುರಿ ಅಂಗಡಿಗೆ ಮರಳಿದ. ಗಿರಾಕಿಯ ಕೆನ್ನೆಗೆ ನೊರೆ ಹಚ್ಚಿ ಕೊಟ್ಟಿಗೆಗೆ ಓಡಿದ. ಪಕ್ಕೆಗೆ ಮುಷ್ಟಿ ಒತ್ತಿದ, ಕಿವಿ ಇಟ್ಟ, ಬಾಯಿ ಬಿಡಿಸಿ ನೋಡಿದ. ಮತ್ತೆ ಅಂಗಡಿ, ಮತ್ತೆ ಕೊಟ್ಟಿಗೆ. ನೊರೆ ಒಣಗಿ ಗಿರಾಕಿ ತಾನೇ ಒರೆಸಿಕೊಂಡು ಎದ್ದುಹೋದ. ಹಸು ಮುಂಗಾಲು ಮಡಿಸಿ ಮಲಗಲು ಹೊರಟಾಗಲೆಲ್ಲ ಇವನ ಕಾಲಸಪ್ಪಳ. ಅದು ಬೆಚ್ಚಿ ಎದ್ದು ನಿಲ್ಲುತ್ತಿತ್ತು.

ಇದನ್ನೆಲ್ಲ ನೋಡುತ್ತಿದ್ದ ಹೆಂಡತಿ ಕೊನೆಗೆ ಬಾಯಿ ಬಿಟ್ಟಳು.

“ರೀ, ನಿಮ್ಮ ಮುಷ್ಟಿಗೆ ಹೆದರ್ಕೊಂಡು ನಿಂತಿದೆ ಅದು. ನೆಮ್ಮದಿಯಿಲ್ದೆ ಮೆಲುಕು ಹೇಗೆ ಬರುತ್ತೆ? ಒಂದು ಕಡೆ ಕೂತ್ಕೊಳ್ಳಿ.”

“ನಾನು ಕೂತ್ರೆ ಅದನ್ನ ನೋಡ್ಕೊಳ್ಳೋರು ಯಾರೇ?”

ಆಕೆ ರಟ್ಟೆ ಹಿಡಿದು ಅವನದೇ ಗಿರಾಕಿ ಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ ಬಟ್ಟೆ ಬಿಗಿದು, ಮುಖಕ್ಕೆಲ್ಲ ನೊರೆ ಮೆತ್ತಿದಳು. ಕ್ಷೌರದ ಕತ್ತಿ ಗಂಟಲ ಮೇಲಿಟ್ಟಳು.

“ಅಲ್ಲಾಡಿದ್ರೆ ನಾನು ಜವಾಬ್ದಾರಿ ಅಲ್ಲ.”

“ಲೇ, ನೀನು ಯಾವತ್ತಾದ್ರೂ ಕತ್ತಿ ಹಿಡಿದಿದ್ಯಾ?”

“ಇವತ್ತೇ ಮೊದಲು. ಅದಕ್ಕೇ ಹೇಳಿದ್ದು.”

ಎದುರಿನ ಕನ್ನಡಿಯಲ್ಲಿ ಹಿಂಬಾಗಿಲು, ಅದರಾಚೆ ಹಸು ಕಾಣುತ್ತಿತ್ತು. ಬುಗುರಿಯ ಹಿಮ್ಮಡಿ ನೆಲಕ್ಕೆ ತಾಳ ಹಾಕತೊಡಗಿತು. ಹೆಂಡತಿ ಅದನ್ನು ತುಳಿದು ನಿಂತಳು. ಹಸು ಸುತ್ತ ನೋಡಿತು. ಮೊಣಕಾಲೂರಿ ನಿಧಾನವಾಗಿ ಮಲಗಿತು. ಆಮೇಲೆ ಏನೂ ಇಲ್ಲ. ಅಷ್ಟು ಹೊತ್ತು ಬುಗುರಿ ಹೇಗೆ ಕೂತನೋ, ಕುರ್ಚಿಯ ಕೈಗಳ ಮೇಲೆ ಅವನ ಬೆರಳಚ್ಚು ಈಗಲೂ ಅಳಿಸಿಲ್ಲವಂತೆ.

ಒಂದು ತೇಗು ಕೇಳಿಸಿತು. ಹಸುವಿನ ಕೊರಳೊಳಗೆ ಉಂಡೆಯೊಂದು ಕೆಳಗಿನಿಂದ ಮೇಲಕ್ಕೆ ಏರಿತು. ದವಡೆ ಒಂದು ಪಕ್ಕಕ್ಕೆ ಸರಿಯಿತು, ಮತ್ತೆ ಸರಿಯಿತು.

ಬುಗುರಿಗೆ ಕುಣಿಯಬೇಕೆನಿಸಿತು. ಗಂಟಲ ಮೇಲೆ ಕತ್ತಿ. ಕಣ್ಣೀರು ಮಾತ್ರ ನೊರೆಗೆ ಇಳಿಯಿತು.

ಸಂಜೆ ಡಾಕ್ಟರಮ್ಮ ಬಂದಾಗ ಅವನಿನ್ನೂ ಕುರ್ಚಿಯಲ್ಲೇ ಇದ್ದ. ಹೆಂಡತಿಯ ಕತ್ತಿಗೆ ಸಿಕ್ಕ ಮೀಸೆ ಮಾತ್ರ ಇರಲಿಲ್ಲ.

“ಬುಗುರಿ ಎಲ್ಲಿದ್ದಾನಮ್ಮಾ?”

“ಕೂತಿದ್ದಾರಲ್ಲ, ಅವ್ರೇ.”

“ಸುಮ್ನಿರಮ್ಮ, ಅವನೆಲ್ಲಿ ಕೂರ್ತಾನೆ!” ಎನ್ನುತ್ತ ಆಕೆ ಕೊಟ್ಟಿಗೆಗೆ ನಡೆದರು.

“ಡಾಕ್ಟ್ರೇ, ಮೆಲ್ಲಗೆ ಹೋಗಿ,” ಎಂದು ಕುರ್ಚಿಯಿಂದ ಪಿಸುಮಾತು ಬಂತು, “ಮೆಲುಕು ಹಾಕ್ತಾ ಇದೆ.”