ತಮ್ಮನ ಗಾಡಿಗೆ ನಾನು ಆರಿಸಿದ ಟೈರು

ನನ್ನ ಕೈಗೆ ಸೊಕ್ಕಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಧೈರ್ಯ ಸಾಲುವುದಿಲ್ಲ. ಚನ್ನಪಟ್ಟಣದಲ್ಲಿ ಮೂವತ್ತು ವರ್ಷದಿಂದ ಮರದ ಬೊಂಬೆ ಮಾಡುವವನು ನಾನು. ಲೇತಿನ ಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಏರಿಸುವುದು, ಒಣ ತಾಳೆಗರಿಯಿಂದ ಉಜ್ಜಿ ಹೊಳಪು ತರುವುದು, ಇದೇ ನನ್ನ ಕಸುಬು. ಕಣ್ಣು ಮುಚ್ಚಿ ಬೆರಳಾಡಿಸಿದರೂ ಮರ ಹಸಿಯೋ ಒಣಗಿದ್ದೋ ಹೇಳಬಲ್ಲೆ. ಹಾಗಾಗಿ ಮನೆಗೆ ಬರುವ ಬಿಂದಿಗೆ, ಮಂಚ, ಕೊನೆಗೆ ಹಲಸಿನ ಹಣ್ಣಿಗೂ ನನ್ನ ಬೆರಳಿನ ಅಪ್ಪಣೆ ಆಗಲೇಬೇಕು.

ನನ್ನ ತಮ್ಮ ಬಿಡದಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾನೆ. ಅಪ್ಪ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ಅವತ್ತಿನಿಂದ ಅಪ್ಪನೂ ನಾನೇ, ಅಣ್ಣನೂ ನಾನೇ. ಅವನ ಓದು, ಕೆಲಸ, ಮದುವೆ, ಎಲ್ಲ ನಾನು ಹೇಳಿದ ಹಾಗೇ ನಡೆಯಿತು. ಮೂವತ್ತೆರಡು ವರ್ಷದ ಗಂಡಸು, ಒಂದು ಹೆಣ್ಣುಮಗುವಿನ ತಂದೆ, ಈಗಲೂ ಒಂದು ಅಂಗಿ ಕೊಳ್ಳುವುದಿದ್ದರೆ ನನ್ನನ್ನು ಕರೆದುಕೊಂಡೇ ಅಂಗಡಿಗೆ ಹೋಗುತ್ತಾನೆ. ಅದು ನನಗೆ ಹೆಮ್ಮೆಯೇ ಆಗಿತ್ತು, ಸುಳ್ಳೇಕೆ ಹೇಳಲಿ.

ಚನ್ನಪಟ್ಟಣದ ಪಕ್ಕ, ಬೈರಾಪಟ್ಟಣದ ಹತ್ತಿರದ ನಮ್ಮ ಊರಿನಿಂದ ಬಿಡದಿಗೆ ಅವನು ದಿನಾ ಹೋಗಿ ಬರುವುದು ಬೈಕಿನಲ್ಲಿ. ಅದರ ಹಿಂದಿನ ಟೈರು ಬೋಳಾಗಿ, ನಾಲ್ಕು ದಿನಕ್ಕೊಮ್ಮೆ ಪಂಚರ್ ಆಗತೊಡಗಿತು. ಹೊಸದು ಹಾಕಿಸುತ್ತೇನೆ ಎಂದ.

“ಸುಮ್ಕಿರ್ಲಾ. ರಾಮನಗರದಾಗೆ ಸೆಕೆಂಡ್ ಹ್ಯಾಂಡ್‌ನಲ್ಲೇ ಒಳ್ಳೊಳ್ಳೇವು ಸಿಕ್ತವೆ. ನಾನ್ ನೋಡಿ ತಂದ್ಕೊಡ್ತೀನಿ” ಎಂದೆ.

“ಊ ಕಣಣ್ಣ” ಎಂದ. ನನ್ನೆದುರು ಅವನ ಬಾಯಲ್ಲಿ ಬೇರೆ ಮಾತು ಬಂದದ್ದೇ ಇಲ್ಲ.

ರಾಮನಗರದಲ್ಲಿ ಒಂದು ಹಳೇ ಟೈರಿನ ಅಂಗಡಿ ಹುಡುಕಿದೆ. ಅಂಗಡಿಯವನು ರಾಶಿಯಿಂದ ಒಂದನ್ನು ಎಳೆದು ನನ್ನ ಕಾಲ ಬುಡಕ್ಕೆ ಉರುಳಿಸಿದ. “ಗ್ರಿಪ್ ನೋಡಣ್ಣ, ಎಂಗೈತೆ! ಮನೇಲಿ ನಿಂತಿದ್ದ ಗಾಡೀದು, ಓಡೇ ಇಲ್ಲ” ಎಂದ. ನಾನು ಪಂಚೆ ಎತ್ತಿ ಕಟ್ಟಿ ಕೂತೆ. ಗ್ರಿಪ್ಪಿನ ಸಂದಿಗೆ ಉಗುರು ಇಳಿಸಿದೆ, ಆಳವಾಗಿತ್ತು. ಒಳಗೆ ಕೈ ಹಾಕಿ ಒಂದು ಸುತ್ತು ತಡವಿದೆ, ತೇಪೆ ಇರಲಿಲ್ಲ. ಮಗ್ಗುಲಿನ ಮೇಲೆ ಬೆರಳಾಡಿಸಿದೆ. ನುಣ್ಣಗೆ, ಕಪ್ಪಗೆ, ಮಿರಮಿರ ಮಿಂಚುತ್ತಿತ್ತು. ಒಂದು ಕಡೆ ನಾಲ್ಕು ಅಂಕಿ ಅಚ್ಚೊತ್ತಿದ್ದು ಬೆರಳಿಗೆ ಸಿಕ್ಕಿತು. ಅದೇನೆಂದು ಕೇಳಲು ಜಂಬ ಬಿಡಲಿಲ್ಲ. ಕೇಳಿದರೆ ಗೊತ್ತಿಲ್ಲದವನು ಅಂತಾಗುತ್ತದಲ್ಲ! “ನೀನು ಮುಟ್ಟೋದ್ ನೋಡುದ್ರೇನೆ ಗೊತ್ತಾಯ್ತದೆ ಬುಡಣ್ಣ, ಕೆಲಸಗಾರ” ಎಂದು ಅವನು ಬೇರೆ ಉಬ್ಬಿಸಿದ. ನಾನು ಉಬ್ಬಿದೆ. ಹೊಸದರ ಅರ್ಧ ಬೆಲೆಗೂ ಕಡಿಮೆಗೆ ಸಿಕ್ಕಿತೆಂದು ಊರೆಲ್ಲ ಹೇಳಿಕೊಂಡೂ ಬಂದೆ.

ನಾಲ್ಕು ತಿಂಗಳಾಯಿತು. ಮಳೆಗಾಲದ ಹೊತ್ತಿಗೆ ಮುಂದಿನ ಟೈರೂ ಸವೆಯಿತು. ತಮ್ಮ ಬೆಳಗಿನ ಪಾಳಿಗೆ ಹೋಗಿದ್ದ ಒಂದು ದಿನ, ಅದಕ್ಕೂ ಒಂದು ಆರಿಸೋಣವೆಂದು ಅದೇ ಅಂಗಡಿಗೆ ಹೋದೆ. ಅಂಗಡಿಯವನು ನನಗೆ ಬೆನ್ನು ಹಾಕಿ ಕುಕ್ಕರಗಾಲಿನಲ್ಲಿ ಕೂತಿದ್ದ. ಮುಂದೆ ಬೂದಿ ಬಣ್ಣಕ್ಕೆ ತಿರುಗಿದ ಒಂದು ಟೈರು, ಪಕ್ಕದಲ್ಲಿ ಕರಿ ಬಣ್ಣದ ಡಬ್ಬಿ. ಬ್ರಷ್ಷು ಹೋದ ಕಡೆಯೆಲ್ಲ ಮಗ್ಗುಲಿನ ಸಣ್ಣ ಸಣ್ಣ ಸೀಳುಗಳು ಮುಚ್ಚಿಹೋಗಿ, ಟೈರು ಮಿಂಚುತ್ತಿತ್ತು.

ಆ ಕೆಲಸ ನನಗೆ ಗೊತ್ತಿಲ್ಲದ್ದಲ್ಲ. ಸೀಳಿದ ಮರದ ತುಂಡಿಗೆ ಅರಗು ತುಂಬಿ, ಮೇಲೆ ಬಣ್ಣ ಎಳೆದು, ಹೊಳಪು ಕೊಟ್ಟು ನಾನೂ ಎಷ್ಟೋ ಸಲ ದಾಟಿಸಿದ್ದೇನೆ. ಬೊಂಬೆ ಒಡೆದರೆ ಮಗು ಒಂದು ಗಳಿಗೆ ಅಳುತ್ತದೆ, ಅಷ್ಟೇ ತಾನೆ ಅಂದುಕೊಳ್ಳುತ್ತಿದ್ದೆ. ಬೇರೆ ಯಾರೇ ಆಗಿದ್ದರೂ ಹಳೇ ಟೈರು ಯಾಕಪ್ಪಾ ಇಷ್ಟು ಮಿಂಚುತ್ತದೆ ಎಂದು ಕೇಳುತ್ತಿದ್ದರೇನೋ. ನಮ್ಮ ಕಸುಬಿನವನಿಗೆ ಮಿಂಚಿದರೆ ಕೆಲಸ ಚೆನ್ನಾಗಿ ಮುಗಿದ ಹಾಗೆ. ಥೂ, ನನ್ನ ಬುದ್ಧಿಗಿಷ್ಟು!

“ನಾಕ್ ತಿಂಗ್ಳಿಂದ ನನ್ ತಮ್ಮ ನೀ ಕೊಟ್ಟ ಟೈರ್ ಮ್ಯಾಲೆ ಓಡಾಡ್ತಾವ್ನೆ ಕಣಯ್ಯ!” ಎಂದು ಕೂಗಿದೆ.

ಅವನು ತಿರುಗಿ ನೋಡಿ, “ಬಣ್ಣ ಎಲ್ರೂ ಬಳೀತಾರಣ್ಣ. ನೋಡಿ, ಮುಟ್ಟಿ ತಗೊಂಡೋದೋನು ನೀನೇ ಅಲ್ವಾ?” ಎಂದ.

ಅವನ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು. ಆದರೆ ಕೈ ಏಳಲಿಲ್ಲ. ನೋಡಿ, ಮುಟ್ಟಿ ತಗೊಂಡವನು ನಾನೇ.

ತಮ್ಮನಿಗೆ ಫೋನ್ ಮಾಡಿದೆ. ಕಾರ್ಖಾನೆಯೊಳಗೆ ಫೋನ್ ಬಿಡುವುದಿಲ್ಲ, ಸುಮ್ಮನೆ ರಿಂಗಾಯಿತು. ಮೂರು ಗಂಟೆಗೆ ಪಾಳಿ ಮುಗಿಸಿ, ಆ ಮಳೆಯಲ್ಲಿ, ಆ ಲಾರಿಗಳ ನಡುವೆ, ಆ ಟೈರಿನ ಮೇಲೆ ಹೊರಡುತ್ತಾನೆ. ಓಡಿಹೋಗಿ ಬಿಡದಿ ಬಸ್ಸು ಹತ್ತಿದೆ. ಕಿಟಕಿಯ ಪಕ್ಕದಲ್ಲಿ ಹಾದುಹೋದ ಒಂದೊಂದು ಬೈಕಿನ ಹಿಂದಿನ ಚಕ್ರವನ್ನೂ ಬಗ್ಗಿ ನೋಡುತ್ತ ಹೋದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನಗೆ ತಲೆ ಕೆಟ್ಟಿದೆ ಎಂದುಕೊಂಡು ಸ್ವಲ್ಪ ಸರಿದು ಕೂತರು.

ಗೇಟಿನ ಹತ್ತಿರ ಮಳೆಯಲ್ಲೇ ನಿಂತೆ. ಜನರ ನಡುವೆ ಬೈಕು ತಳ್ಳಿಕೊಂಡು ಬಂದ ತಮ್ಮ ನನ್ನನ್ನು ನೋಡಿ ಗಾಬರಿಯಾದ. “ಏನಣ್ಣ, ಮನೇಲಿ ಏನಾರ...?”

“ಮನೇಲಿ ಏನೂ ಇಲ್ಲ. ನಿಲ್ಸಲಾ ಗಾಡೀನ!” ಎಂದು ಗದರಿದೆ. ತಲೆಯ ಮೇಲಿನ ಟವೆಲ್ ತೆಗೆದು ಹಿಂದಿನ ಟೈರಿನ ಮಗ್ಗುಲು ಉಜ್ಜಿದೆ. ಕೆಸರು ಹೋಯಿತು. ಬಣ್ಣ ಎಂದೋ ಹೋಗಿತ್ತು. ಸುತ್ತಲೂ ಸೀಳೇ ಸೀಳು.

ರಸ್ತೆಯ ಆಚೆ ಪಂಚರ್ ಅಂಗಡಿಯಿತ್ತು. ಅಲ್ಲಿಯವನು ಟೈರು ಬಿಚ್ಚಿ, ಎರಡೂ ಕೈಯಿಂದ ಬಗ್ಗಿಸಿ ಹಿಡಿದ. ಸೀಳುಗಳು ಬಾಯಿ ಬಿಟ್ಟು ಒಳಗಿನ ನೂಲು ಕಂಡಿತು. “ಕೊಳ್ಳೋವಾಗ ಇಂಗೆ ಬಗ್ಸಿ ನೋಡ್ಬೇಕು ಯಜಮಾನ್ರೆ. ಇಲ್ ನೋಡಿ, ನಾಕು ನಂಬ್ರ. ಮೊದ್ಲೆರಡು ವಾರ, ಕೊನೆಯೆರಡು ವರ್ಷ. ತಯಾರಾಗಿ ಹನ್ನೆರಡು ವರ್ಷ ಆಗೋಗೈತೆ. ಗ್ರಿಪ್ ಇದ್ರೇನ್ ಬಂತು, ನಿಂತಲ್ಲೇ ರಬ್ಬರ್ ಸತ್ತೋಗೈತೆ. ಇವತ್ತೋ ನಾಳೆಯೋ ಸಿಡೀತಿತ್ತು” ಎಂದ.

ನಾನು ತಮ್ಮನ ಕಡೆ ತಿರುಗಿದೆ. ಅವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ನೆಲ ನೋಡುತ್ತಿದ್ದ.

“ಏನ್ಲಾ, ಗೊತ್ತಿತ್ತಾ ನಿಂಗೆ?”

“ತಂದ್ ವಾರದಲ್ಲೇ ಗಾಡಿ ತೊಳ್ಯೋವಾಗ ಕಾಣುಸ್ತು ಕಣಣ್ಣ.”

“ಮತ್ಯಾಕ್ಲಾ ಬಾಯ್ ಬುಡ್ಲಿಲ್ಲ!”

“ನೀನ್ ನೋಡಿ ತಂದಿದ್ದಲ್ವಾ. ತಗ್ದಾಕುದ್ರೆ ನಿಂಗ್ ಬೇಜಾರಾಯ್ತದೆ ಅಂತ... ಒಸಿ ನಿಧಾನ್ವಾಗೇ ಓಡಿಸ್ತಿದ್ದೆ.” ಆಮೇಲೆ ತಪ್ಪು ಒಪ್ಪಿಕೊಳ್ಳುವವನ ಹಾಗೆ ಹೇಳಿದ: “ಮಗೀನ ಮಾತ್ರ ಒಂದಿನಾನೂ ಕೂರಿಸ್ಕೊಳ್ನಿಲ್ಲ ಕಣಣ್ಣ. ಅವ್ರಮ್ಮನ ಊರು ವಿರೂಪಾಕ್ಷಿಪುರಕ್ಕೆ ಹೋಗೋವಾಗ್ಲೂ ಇಬ್ರುನೂ ಬಸ್ಸಲ್ಲೇ ಕಳಿಸ್ತಿದ್ದೆ.”

ಆ ಟೈರು ಜೀವ ತೆಗೆಯುವಂಥದ್ದು ಎಂದು ಅವನಿಗೆ ಗೊತ್ತಿತ್ತು. ಮಗುವನ್ನು ಅದರಿಂದ ದೂರ ಇಟ್ಟ. ತಾನು ಮಾತ್ರ ದಿನಾ ಅದರ ಮೇಲೆ ಕೂತ, ಅಣ್ಣ ಆರಿಸಿದ್ದು ಕೆಟ್ಟದ್ದು ಎಂದು ಅಣ್ಣನಿಗೆ ಹೇಳಲಾಗದೆ. ಅವನನ್ನು ಹಾಗೆ ಬೆಳೆಸಿದವನು ನಾನು. ಅಲ್ಲೇ ಬಿದ್ದಿದ್ದ ಹಳೇ ಟ್ಯೂಬುಗಳ ಮೇಲೆ ಕೂತು ಅತ್ತೆ. ಪಂಚರ್ ಅಂಗಡಿಯವನು ಪಾಪ, ಸ್ಪ್ಯಾನರ್ ಹುಡುಕುವವನ ಹಾಗೆ ಒಳಗೆ ಹೋದ.

ಹೊರಗೆ ಬಂದಾಗ ಅವನ ಕೈಯಲ್ಲಿ ಎರಡು ಹೊಸ ಟೈರಿದ್ದವು, ಎರಡೂ ಬೇರೆ ಬೇರೆ ಕಂಪನಿಯವು. ತಮ್ಮ ಎರಡನ್ನೂ ನೋಡಿ, ನನ್ನ ಹತ್ತಿರ ಬಗ್ಗಿ, “ಯಾವ್ದ್ ಹಾಕ್ಸನ ಹೇಳಣ್ಣ?” ಎಂದ.

“ನಂಗೊತ್ತಿಲ್ಲ ಕಣ್ಲಾ” ಎಂದೆ.

ಹುಟ್ಟಿದಾಗಿನಿಂದ ನನ್ನ ಬಾಯಲ್ಲಿ ಆ ಮಾತು ಕೇಳದವನು, ನನಗೆ ಮೈಗೇನೋ ಆಯಿತೆಂದು ಹೆದರಿ, ಎರಡೂ ಕೈಯಲ್ಲಿ ನನ್ನ ರಟ್ಟೆ ಹಿಡಿದುಕೊಂಡ.