ಬಾಗಿಲು ತೆರೆದಿದ್ದ ಯಂತ್ರ

ನನ್ನ ತಮ್ಮ ಕುನ್‌ಶಾನ್‌ಗೆ ಬಾಯಿ ಮುಂದು, ಬುದ್ಧಿ ಹಿಂದು. ಅವನ ಹೆಂಡತಿ ಯಾಜು ಹಾಗಲ್ಲ. ಶೆನ್‌ಗಾಂಗ್ ಎಂಬ ಊರಿನ ನಮ್ಮ ತಗಡಿನ ಶೆಡ್ಡಿನಲ್ಲಿ ಸೈಕಲ್ ಬ್ರೇಕಿನ ಬಿಡಿಭಾಗ ಕೊರೆಯುವ ಯಂತ್ರಕ್ಕೆ ಪ್ರೋಗ್ರಾಂ ಬರೆಯುವವಳು ಅವಳು, ಯಂತ್ರದ ಮುಂದೆ ನಿಲ್ಲುವವನು ಅವನು. ಕೊರೆದದ್ದರ ಅಂಚು ಉಜ್ಜುವುದು ನನ್ನ ಪಾಲಿಗೆ. ಲೋಹ ಕೊರೆಯುವ ಕಟ್ಟರ್ ಎಲ್ಲಿಗೆ ಹೋಗಬೇಕು, ಎಷ್ಟು ಆಳಕ್ಕೆ ಇಳಿಯಬೇಕು, ಎಲ್ಲಾ ಯಾಜು ಬರೆದಂತೆ.

ಅವಳು ಹೆದರುಪುಕ್ಕಲಿ. ಹೊಸ ಪ್ರೋಗ್ರಾಂ ಮೊದಲ ಸಲ ಓಡುವ ದಿನ ಊಟಕ್ಕೇ ಕೂರಳು. ಹೆದರಿಕೆಗೆ ಕಾರಣವೂ ಇತ್ತು ಅನ್ನಿ. ಯಂತ್ರದ ಬಾಗಿಲು ತೆರೆದರೆ ಅದು ನಿಲ್ಲಬೇಕು, ಅದಕ್ಕೊಂದು ಸ್ವಿಚ್ಚಿದೆ. ನನ್ನ ತಮ್ಮ ಮಹಾಶಯ ಆ ಸ್ವಿಚ್ಚಿಗೆ ತಂತಿ ಸುತ್ತಿ, ತೆರೆದಿದ್ದರೂ ಓಡುವಂತೆ ಮಾಡಿಟ್ಟಿದ್ದ. ಒಂದು ಕಟ್ಟರ್ ಹೋಗಿ ಇನ್ನೊಂದು ಬಂದು ಕೂರುವ ಹೊತ್ತಿಗೆ ಬ್ರಷ್ ಹಿಡಿದ ಕೈ ಒಳಗೆ ತೂರಿಸಿ ಲೋಹದ ಚೂರು ಗುಡಿಸುವನು. ಅದಕ್ಕೆಂದೇ ಯಾಜು ಅಲ್ಲೊಂದು ನಿಲುಗಡೆ ಬರೆದಿಡುತ್ತಿದ್ದಳು. ಅವನು ಗುಂಡಿ ಒತ್ತುವವರೆಗೆ ಯಂತ್ರ ಕದಲುತ್ತಿರಲಿಲ್ಲ.

“ಆ ತಂತಿ ಕಿತ್ತು ಬಿಸಾಕು,” ಅಂತ ಅವಳು ದಿನಾ ಹೇಳುತ್ತಿದ್ದಳು.

“ಮಿಷಿನ್ ನಿನ್ ಮಾತು ಕೇಳುತ್ತಲ್ಲ ಮಾರಾಯ್ತಿ, ನಾನೂ ಕೇಳ್ಬೇಕಾ?”

ಮಾಲು ಬೇಗ ಬೇಕೆಂದು ಗಿರಾಕಿ ಜೀವ ತಿನ್ನತೊಡಗಿದ. ಚೂರು ಹಾರಿಸಲು ಗಾಳಿ ಊದುವ ನಳಿಗೆ ಹಾಕಿಸಿದೆವು. ಇನ್ನು ಬ್ರಷ್ ಯಾಕೆ ಅಂತ ಯಾಜು ಪ್ರೋಗ್ರಾಂನಿಂದ ಆ ನಿಲುಗಡೆ ತೆಗೆದು ಯಂತ್ರಕ್ಕೆ ಕಳಿಸಿದಳು. ಗಂಡನಿಗೆ ಹೇಳಿ ಬರೋಣವೆಂದು ಎದ್ದಳು. ಅಂದು ಭೂಮಿದೇವರ ಪೂಜೆ. ಬೀದಿಯಲ್ಲಿ ಎಲ್ಲರ ಶೆಡ್ಡಿನ ಮುಂದೂ ನೈವೇದ್ಯದ ಮೇಜು ಬಂದಿತ್ತು. ಹಣ್ಣು ಜೋಡಿಸೋಕೆ ಬಾ ಅಂತ ನಾನು ಕರೆದೆ. ಪೂಜೆ ಮುಗಿಯದೆ ಕುನ್‌ಶಾನ್ ಕೆಲಸ ಶುರುಮಾಡುವವನಲ್ಲವೆಂದು ಅವಳೂ ಬಂದಳು.

ಊದುಬತ್ತಿ ಹಚ್ಚಿ ಕಣ್ಣು ಮುಚ್ಚಿದ್ದೆವು. ಒಳಗೆ ಯಂತ್ರ ಗುರ್ರೆಂದಿತು. ಯಾಜುವಿನ ಕೈಯಿಂದ ಊದುಬತ್ತಿ ಬಿತ್ತು.

“ಅಕ್ಕಾ, ಅವನಿಗೆ ಹೇಳಿಲ್ಲ.”

ತಿರುಗಿದೆವು. ಕಟ್ಟರ್ ನಿಂತು ಮೇಲೆದ್ದಿತ್ತು. ಅಭ್ಯಾಸಬಲ, ಕುನ್‌ಶಾನ್ ಪಕ್ಕದ ಶೆಡ್ಡಿನವನ ಜೊತೆ ಹರಟುತ್ತಲೇ ಮೊಣಕೈವರೆಗೆ ಕೈ ಒಳಗೆ ತೂರಿಸಿ ಗುಡಿಸುತ್ತಿದ್ದ. ಮೇಲೆ ಹೊಸ ಕಟ್ಟರ್ ಬಂದು ಕೂತಿತು. ಇನ್ನದು ಗುಂಡಿಗೆ ಕಾಯದೆ ಕೆಳಗಿಳಿಯುವುದು. ಕೂಗಲು ಬಾಯಿ ತೆರೆದೆ. ಯಾಜು ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ಕೂಗಿದರೆ ಅವನು ಮುಖ ತಿರುಗಿಸುತ್ತಾನೆ, ಕೈ ಅಲ್ಲೇ ಉಳಿಯುತ್ತದೆ. ಅವಳು ಓಡಿ ಗೋಡೆಯ ಮೈನ್ ಸ್ವಿಚ್ಚಿಗೆ ಜೋತುಬಿದ್ದು ಎಳೆದಳು.

ಶೆಡ್ಡು ಕತ್ತಲಾಯಿತು. ಯಂತ್ರದೊಳಗೆ ಚಟ್ ಎಂಬ ಸದ್ದು.

“ಯಾವ ತಲೆಕೆಟ್ಟವರು ಕರೆಂಟ್ ತೆಗ್ದಿದ್ದು? ಕಟ್ಟರ್ ಹಾಳಾಯ್ತಲ್ಲ! ಹೊಸ ಕಟ್ಟರು!” ತಮ್ಮ ಬೈಯುತ್ತಾ ಕೈ ಹೊರಗೆಳೆದು ನಮ್ಮತ್ತ ಬೀಸಿದ.

ಬೀದಿಯ ಬೆಳಕಿಗೆ ಕಂಡಿತು. ಕೈಯಲ್ಲಿ ಬ್ರಷ್ಷಿನ ಹಿಡಿ ಮಾತ್ರ ಇತ್ತು, ಹೆಬ್ಬೆರಳಿನ ಪಕ್ಕಕ್ಕೇ ತುಂಡಾಗಿ. ಅವನು ಅದನ್ನು ನೋಡಿದ, ಆಮೇಲೆ ಬೆರಳು ನೋಡಿಕೊಂಡ. ಯಾಜು ಸ್ವಿಚ್ಚು ಬಿಡಲಿಲ್ಲ; ನಾನು ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಆ ತಂತಿಯನ್ನು ತಮ್ಮನೇ ಕಿತ್ತ. ಈಗ ಬಾಗಿಲು ತೆರೆದರೆ ಯಂತ್ರ ಓಡದು. ಆದರೂ ಯಾಜುವಿಗೆ ಧೈರ್ಯ ಬಂದಿಲ್ಲ. ಪ್ರೋಗ್ರಾಂ ಕಳಿಸುವ ಮೊದಲು ಅವನನ್ನು ಕರೆಯುತ್ತಾಳೆ. ಸಾವಿಗೂ ಜೋಕು ಹೇಳುವ ನನ್ನ ತಮ್ಮ ಕರೆದೊಡನೆ ಬಂದು, ಎರಡೂ ಕೈ ಅವಳ ಕಣ್ಣೆದುರು ಮೇಜಿನ ಮೇಲಿಟ್ಟು, ಅವಳು ಕಳಿಸುವವರೆಗೆ ನಿಲ್ಲುತ್ತಾನೆ.